ಗುಲಾಬಿಯ ಆಶೀರ್ವಾದ

ಹೊಸ ಮನೆಯ ಆಶೀರ್ವಾದ ಲ್ಯಾಟಿನ್‌ನಲ್ಲೇ ಆಗಬೇಕೆಂದು ಕರ್ಮಿನಾ ಬಾಯಿ ಹಟ ಹಿಡಿದರು.

"ಕನ್ನಡ, ಕೊಂಕಣಿ ಎಲ್ಲ ಭೂತಗಳಿಗೂ ಅರ್ಥ ಆಗ್ತದೆ ಫಾದರ್. ಅವು ಓಡುವುದು ಲ್ಯಾಟಿನ್‌ಗೆ ಮಾತ್ರ."

ಎಳೆಯ ಪಾದ್ರಿಗೆ ಬೆವರಿಳಿಯಿತು. ಸೆಮಿನರಿಯಲ್ಲಿ ಕಲಿತ ಲ್ಯಾಟಿನ್ ಪರೀಕ್ಷೆಯ ಮರುದಿನವೇ ತಲೆಯಿಂದ ಹಾರಿಹೋಗಿತ್ತು. ಉಳಿದದ್ದು 'ಗುಲಾಬಿ' ಎಂಬ ಒಂದೇ ಶಬ್ದದ ವಿಭಕ್ತಿರೂಪಗಳು. ಆದರೆ ಅಷ್ಟು ಜನ ನೆಂಟರೆದುರು ಮಾನ ಉಳಿಸಿಕೊಳ್ಳಬೇಕಲ್ಲ! ಕಣ್ಣು ಮುಚ್ಚಿ, ರಾಗ ಎಳೆದು ಶುರುಮಾಡಿದರು.

"ರೋಸಾ... ರೋಸೇ... ರೋಸಾಮ್..."

ಪವಿತ್ರ ಜಲ ಚಿಮುಕಿಸುತ್ತ ಏಕವಚನದಲ್ಲಿ ಅಡುಗೆಮನೆ ಮುಗಿಸಿದರು, ಬಹುವಚನದಲ್ಲಿ ಮಲಗುವ ಕೋಣೆಗಳನ್ನು. ನೆಂಟರೆಲ್ಲ ಮೊಣಕಾಲೂರಿ ಗದ್ಗದಿತರಾಗಿ "ಆಮೆನ್" ಎಂದರು. ಪಾದ್ರಿಗೆ ಹೋದ ಜೀವ ಬಂತು.

ಹೊರಡುವಾಗ ಕರ್ಮಿನಾ ಬಾಯಿ ಗೇಟಿನವರೆಗೂ ಬಂದರು.

"ನಿಮ್ಮ ಗುಲಾಬಿ ಚಂದ ಇತ್ತು ಫಾದರ್."

ಪಾದ್ರಿಯ ಮುಖ ಬಿಳಿಚಿತು. "ನಿಮಗೆ... ಲ್ಯಾಟಿನ್ ಬರ್ತದಾ?"

"ಮೂವತ್ತು ವರ್ಷ ಸೆಮಿನರಿಯಲ್ಲಿ ಅಡುಗೆ ಮಾಡಿದವಳು ನಾನು. ಪಕ್ಕದಲ್ಲೇ ಲ್ಯಾಟಿನ್ ಕ್ಲಾಸು. ನೀವೇನೂ ಹೆದರ್ಬೇಡಿ. ಹಳೇ ಮನೆಗೆ ಬಿಷಪರೇ ಬಂದು, 'ಮೇಜು' ಅನ್ನುವ ಶಬ್ದವನ್ನು ಹೀಗೇ ಹೇಳಿ ಹೋಗಿದ್ರು. ಭೂತ ಅದಕ್ಕೇ ಓಡಿತ್ತು."