ದನಿ ನಿಂತರೆ

"ಸುಬೇದಾರ್, ಎಲ್ಲಿದ್ದೀರಿ? ಮಾತಾಡಿ ಸಾರ್!"

ವಿಶ್ವನಾಥ್ ಮೈಕಿನಲ್ಲಿ ಕೂಗಿದ್ದು ಅದು ಮೂರನೇ ಸಲ. ಫೋನಿನ ಪರದೆಯ ಮೇಲೆ 'ಸುಬೇದಾರ್' ಎಂಬ ಹೆಸರು ಹೊತ್ತ ಸೈನಿಕ, ಆಟ ಶುರುವಾದ ಜಾಗದಲ್ಲೇ, ಪಾಳು ಗೋದಾಮಿನ ಗೋಡೆ ಪಕ್ಕ ಬಂದೂಕು ಹಿಡಿದು ನಿಂತಿದ್ದ. ಒಂದು ಹೆಜ್ಜೆಯೂ ಅಲುಗಿರಲಿಲ್ಲ.

"ಮೋಸ ಸಾರ್!" ಹೆಡ್‌ಫೋನಿನಲ್ಲಿ ಕಂಪನಿಯ ಹುಡುಗ ದೇವರಾಜ್ ಕಿರುಚಿದ. "ಆ ಮುಂಬೈ ಟೀಮ್ನೋರು ಇವನನ್ನ ಬುಟ್ಟಿಗೆ ಹಾಕ್ಕೊಂಡಿದ್ದಾರೆ. ಆಡ್ತೀನಿ ಅಂತ ಬಂದು ಸುಮ್ನೆ ನಿಂತ್ಬಿಟ್ಟಿದ್ದಾನೆ ನೋಡಿ!"

"ಬಾಯ್ಮುಚ್ಚೋ," ಎಂದಳು ತಂಡದ ಇನ್ನೊಬ್ಬಳು, ಶೈಲಶ್ರೀ. "ಅವ್ರು ಅಂಥೋರಲ್ಲ."

ಅಂಥವರೋ ಇಂಥವರೋ, ಇವತ್ತು ಸೋಲುವಂತಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಈ ಪುಟ್ಟ ಕಂಪನಿಯ ಹದಿನೆಂಟು ಜನ ಎರಡು ವರ್ಷ ಕೂತು ಕಟ್ಟಿದ ಆಟ ಇದು. ಬಂಡವಾಳ ಹಾಕುವವರು ಮಹಡಿಯ ಮೇಲೆ ದೊಡ್ಡ ಪರದೆಯ ಮುಂದೆ ಕೂತಿದ್ದಾರೆ. ನಿಜವಾದ ಸೇನೆಯ ತಂತ್ರ ಬಳಸಿದರೆ ಸಾಮಾನ್ಯರೂ ಪಳಗಿದ ಆಟಗಾರರನ್ನು ಸೋಲಿಸಬಹುದು ಅಂತೀರಲ್ಲ, ಎಲ್ಲಿ ತೋರಿಸಿ ಎಂದು ಮುಂಬೈಯಿಂದ ನಾಲ್ವರು ಪಳಗಿದವರನ್ನೇ ಕರೆತಂದಿದ್ದಾರೆ. ಸೋತರೆ ನಾಳೆ ಕಂಪನಿಗೆ ಬೀಗ. ತನ್ನಂಥ ನಲವತ್ತಾರರ ಮ್ಯಾನೇಜರಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ?

ಆ ತಂತ್ರವೆಲ್ಲ ಸುಬೇದಾರ್ ಕೊಟ್ಟ ಭಿಕ್ಷೆ. ಆಟ ಪರೀಕ್ಷಿಸಲು ಹೊರಗಿನವರು ಬೇಕು ಎಂದು ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ, ನಾಲ್ಕು ತಿಂಗಳ ಹಿಂದೆ ಸೇರಿಕೊಂಡ ಮನುಷ್ಯ. ಮುಖ ಕಂಡವರಿಲ್ಲ. ಪಿಸುದನಿ, ಉತ್ತರ ಕರ್ನಾಟಕದ ಮಾತು. ಇಬ್ಬರು ಓಡುವಾಗ ಇಬ್ಬರು ನಿಂತು ಕಾಯಬೇಕು. ಶತ್ರು ಕಂಡರೆ ಅರಚಬಾರದು. ಎಲ್ಲಿ, ಎಷ್ಟು ಜನ, ಯಾವ ಕಡೆ, ಅಷ್ಟೇ ಹೇಳಬೇಕು. "ಒಬ್ಬರ ದನಿ ನಿಂತ್ರ ಮುಂದ ಹೋಗಬ್ಯಾಡ್ರಿ. ಹಿಂದ ಹೋಗಿ ನೋಡ್ರಿ," ಎನ್ನುತ್ತಿದ್ದ. ನಡುನಡುವೆ ಹಾರ್ನ್ ಸದ್ದು, ಕಬ್ಬಿಣ ಎಳೆದ ಕರಕರ. "ಒಂದ್ನಿಮಿಷ ತಡೀರಿ," ಎಂದು ಮಾಯವಾಗುತ್ತಿದ್ದ. ಯಾರೋ ನಿವೃತ್ತ ದೊಡ್ಡ ಅಧಿಕಾರಿ, ಈಗ ಪೀಣ್ಯದಲ್ಲಿ ಕಾರ್ಖಾನೆ ಇಟ್ಟಿರಬೇಕು ಎಂದು ವಿಶ್ವನಾಥ್ ತೀರ್ಮಾನಿಸಿಬಿಟ್ಟಿದ್ದ. ಗೆದ್ದ ಮೇಲೆ ಹುಡುಕಿಕೊಂಡು ಹೋಗಿ ಶಾಲು ಹೊದಿಸಬೇಕೆಂದು ಶಾಲನ್ನೂ ತಂದಿಟ್ಟಿದ್ದ.

ಯಾವತ್ತೂ ಐದು ನಿಮಿಷ ಮೊದಲೇ ಹಾಜರಾಗುವ ಆಸಾಮಿ. ನಾಲ್ಕು ಗಂಟೆಯ ಆಟಕ್ಕೆ ಇವತ್ತೂ ಹಾಗೇ. ವಿಶ್ವನಾಥ್ ತನ್ನ ಕೋಣೆಯಲ್ಲಿ ಕೂತು ಫೋನ್ ತೆರೆದಾಗ ಸುಬೇದಾರ್ ಹೆಸರಿನ ಮುಂದೆ 'ಸಿದ್ಧ' ಎಂಬ ಹಸಿರು ಗುರುತು ಆಗಲೇ ಇತ್ತು. ಆಮೇಲೆ ಬೇರೆ ಬೇರೆ ಕೋಣೆಗಳಿಂದ ಶೈಲಶ್ರೀ, ದೇವರಾಜ್ ಸೇರಿದರು. ಆಟ ಶುರುವಾಯಿತು. ಸುಬೇದಾರ್ ಮಾತ್ರ ಕಂಬದ ಹಾಗೆ ನಿಂತುಬಿಟ್ಟ.

"ಅಯ್ಯೋ, ಹೋದೆ!" ದೇವರಾಜ್‌ನ ಹೆಸರು ಕೆಂಪಾಯಿತು.

ಇದೇ ಹೊತ್ತಿಗೆ ಮೇಜಿನ ಮೇಲಿನ ಇಂಟರ್‌ಕಾಮ್ ಮಿನುಗಬೇಕೆ? ವಿಶ್ವನಾಥ್ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ರಿಸೀವರ್ ಎತ್ತಿದ. ಎಲ್ಲೋ ಏನೋ ಗುಂಯ್‌ಗುಟ್ಟಿತು. ಯಾರಿಗೆ ಬೇಕು ಅದೆಲ್ಲ.

"ಸಾರ್, ಗೇಟಿಂದ ಗಂಗಪ್ಪ..."

"ಇನ್ನೊಂದ್ಸಲ ಫೋನ್ ಮಾಡಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ!" ರಿಸೀವರ್ ಕುಕ್ಕಿದ.

ಇವನೊಬ್ಬ ಶನಿ. ಆಟದ ಗುಟ್ಟು ಹೊರಗೆ ಹೋಗಬಾರದು, ಕಾಂಪೌಂಡಿನೊಳಗೆ ಆಡುವವರ ಹೊರತು ಸಿಬ್ಬಂದಿ ಯಾರೂ ಫೋನ್ ಹಿಡಿಯಬಾರದು ಎಂದು ಬೆಳಿಗ್ಗೆಯೇ ಆರ್ಡರ್ ಆಗಿತ್ತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅತಿಥಿಗಳನ್ನು ಬರಮಾಡಿಕೊಳ್ಳಲು ಗೇಟಿಗೆ ಹೋದರೆ, ಈ ಸೆಕ್ಯೂರಿಟಿ ಕಿವಿಗೆ ವೈರ್ ಸಿಕ್ಕಿಸಿಕೊಂಡು ಕೂತಿದ್ದ. ವಿಶ್ವನಾಥ್‌ಗೆ ಪಿತ್ತ ನೆತ್ತಿಗೇರಿತು. ವೈರ್ ಕಿತ್ತು, ಪರದೆ ಕೂಡ ನೋಡದೆ ಫೋನ್ ಕಸಿದುಕೊಂಡಿದ್ದ.

"ಹತ್ತು ನಿಮಿಷ ಬಿಡ್ರಿ ಸಾರ್. ಡ್ಯೂಟಿ ಐತಿ."

"ನಿನ್ನ ಡ್ಯೂಟಿ ಈ ಗೇಟು ಕಣಯ್ಯ."

ಎರಡು ವರ್ಷದಲ್ಲಿ 'ನಮಸ್ಕಾರ ಸಾರ್' ಬಿಟ್ಟು ಅವನ ಬಾಯಿಂದ ಇನ್ನೊಂದು ಮಾತು ಕೇಳಿದ್ದು ಅದೇ ಮೊದಲು. ಗಂಗಪ್ಪ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತಿದ್ದ. ಬೂಟು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ವಿಶ್ವನಾಥ್ ಆ ಫೋನನ್ನು ತಂದು ತನ್ನ ಮೇಜಿನ ಡ್ರಾಯರಿಗೆ ಎಸೆದಿದ್ದ.

"ಶೈಲಾ, ಅವನನ್ನ ಬಿಟ್ಟು ನನ್ನ ಜೊತೆ ಬಾ," ವಿಶ್ವನಾಥ್ ಅಂಗಲಾಚಿದ. "ಇಬ್ರೇ ನುಗ್ಗೋಣ. ಬೇರೆ ದಾರಿ ಇಲ್ಲ ಕಣಮ್ಮ."

"ಕಲ್ತಿದ್ದು ಮರ್ತುಬಿಟ್ರಾ ಸಾರ್? ದನಿ ನಿಂತ್ರೆ ಹಿಂದಕ್ಕೆ ಹೋಗ್ಬೇಕು. ನಾನು ಸುಬೇದಾರ್ ಹತ್ರ ಹೋಗ್ತಿದ್ದೀನಿ."

ಅವಳ ಸೈನಿಕ ಗೋದಾಮಿನ ಕಡೆ ಓಡಿದ. ವಿಶ್ವನಾಥ್ ಒಬ್ಬನೇ ಮುಂದೆ ನುಗ್ಗಿದ. ಕಾಯಲು ಹಿಂದೆ ಯಾರೂ ಇರಲಿಲ್ಲ. ಮೂರು ಹೆಜ್ಜೆಗೆ ಗುಂಡು ಬಿತ್ತು, ಪರದೆ ಕೆಂಪಾಯಿತು.

ಮುಗೀತು. ಹದಿನೆಂಟು ಮನೆಗಳಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? "ಹಾಳಾಗಿ ಹೋಗು ಸುಬೇದಾರ್, ನಿನ್ನನ್ನ ನಂಬಿದ್ದೆನಲ್ಲೋ!" ಎಂದು ಗಂಟಲು ಹರಿಯುವಂತೆ ಕೂಗಿ ಹೆಡ್‌ಫೋನ್ ಕಿತ್ತು ಎಸೆದ. ಕಣ್ಣೀರು ಬಂತು. ಒರೆಸಿಕೊಳ್ಳುತ್ತ ಕಿಟಕಿಯ ಆಚೆ ನೋಡಿದ. ಗೇಟಿನ ಬಳಿ ಗಂಗಪ್ಪ ಇತ್ತಲೇ ನೋಡುತ್ತ, ಎರಡೂ ಕೈ ಜೋಡಿಸಿಕೊಂಡು ನಿಂತಿದ್ದ.

ಆಗ ಮೇಜಿನ ಡ್ರಾಯರಿನೊಳಗಿಂದ ಶೈಲಶ್ರೀಯ ದನಿ ಸಣ್ಣಗೆ ಕೇಳಿಸಿತು: "ಗೋದಾಮಿನ ಬಾಗಿಲು, ಮೂರು ಜನ, ಎಡಗಡೆ... ಸುಬೇದಾರ್, ನಿಮ್ಮ ಪಕ್ಕದಲ್ಲೇ ಇದ್ದೀನಿ, ಏನ್ ಮಾಡ್ಲಿ ಹೇಳಿ ಸಾರ್?"