ನಾಲಿಗೆಯ ಉಪವಾಸ

ಬೆಂಗಳೂರಿನ ನಾನ್ನೂರು ಅಡುಗೆಯಂತ್ರಗಳ ಸಾಂಬಾರಿಗೆ ಗದುಗಿನ ಬಸಲಿಂಗವ್ವನೇ ಉಪ್ಪು ನೋಡುತ್ತಿದ್ದಳು. ನಾಲಿಗೆಗೆ ರುಚಿಪಟ್ಟಿ ಅಂಟಿಸಿಕೊಂಡರೆ ಅಲ್ಲಿಯ ರುಚಿ ಇಲ್ಲಿ ಗೊತ್ತಾಗುತ್ತಿತ್ತು. ಅವಳು ‘ಸಾಕು’ ಎಂದು ಬರೆದರೆ ಯಂತ್ರದ ಪರದೆಯ ಮೇಲೆ ‘ಸಾಕು’ ಎಂದು ಮೂಡುತ್ತಿತ್ತು. ಯಂತ್ರಕ್ಕೆ ಎಂಥ ನಾಲಿಗೆ ಎಂದು ಜನ ಹೊಗಳುತ್ತಿದ್ದರು.

ಶ್ರಾವಣ ಸೋಮವಾರ ಅವಳು ಪಟ್ಟಿ ಮುಟ್ಟಲಿಲ್ಲ. ಯಂತ್ರದ ಕಂಪನಿಯ ಮೇಲ್ವಿಚಾರಕ ಸಂಗಮೇಶ ಫೋನು ಮಾಡಿದ.

“ಅಕ್ಕಾರ, ಯಂತ್ರಕ್ಕ ಎಲ್ಲಿ ಉಪವಾಸರೀ? ಒಳಗ ಮನುಷ್ಯರು ಅದಾರಂತ ಮಂದಿಗೆ ಗೊತ್ತಾಗಬಾರ್ದು.”

“ಹಂಗಾದ್ರ ಉಪ್ಪು ಯಂತ್ರ ತಾನ ನೋಡ್ಕೊಳ್ಳಲಿ, ತಮ್ಮಾ.”

ಫೋನಿಟ್ಟ ಬಸಲಿಂಗವ್ವ ‘ಸಾಕು’ ಎಂದು ಬರೆಯುವ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಬೆಂಗಳೂರಿನ ನಾನ್ನೂರು ಅಡುಗೆಮನೆಗಳಲ್ಲಿ ಒಟ್ಟಿಗೇ ಮೂಡಿತು:

“ಇವತ್ತು ನನಗ ಉಪವಾಸ ಐತ್ರಿ. ಉಪ್ಪು ನೀವ ನೋಡ್ಕೋರಿ. — ಬಸಲಿಂಗವ್ವ, ಗದಗ.”