ಸೌದೆ ಹೊತ್ತ ಮುದುಕಿಯ ಮನೆ

ದಾಳ ಉರುಳಿದ ಕೂಡಲೇ ಆಟಗಾರರು ಕಣ್ಣು ಮುಚ್ಚಿ ಕಥೆಯೊಳಗೆ ನಡೆದುಬಿಡುತ್ತಿದ್ದರು. ಕಥೆ ಹೇಳುವವರು ಹೇಳಿದಷ್ಟೇ ಅಲ್ಲಿ ನೆಲ. ಹೇಳದ ಕಡೆ ಕಾಲಿಟ್ಟವರು ಮತ್ತೆ ಕಣ್ಣು ತೆರೆಯುತ್ತಿರಲಿಲ್ಲ.

ಆ ಭಾನುವಾರ ಕಥೆ ಹೇಳುವ ಸರದಿ ವಾರಿಜಾಳದು; ಕೋಟೆಯವರೆಗೆ ದಾರಿ ಹೇಳಿದ್ದಳು. ಉಳಿದ ಆಟಗಾರರು ಕೋಟೆಯ ಬಾಗಿಲಲ್ಲಿದ್ದರು. ಬಸ್ ಓಡಿಸಿ ನಿವೃತ್ತರಾದ ರುದ್ರಪ್ಪನವರು ಮಾತ್ರ ನಡುದಾರಿಯಲ್ಲೇ ತಿರುಗಿದರು.

"ಈ ಸೌದೆ ಹೊತ್ತ ಅಜ್ಜೀನ ಮನೆಗೆ ಬಿಟ್ಟು ಬರ್ತೀನಿ ಕಣಮ್ಮಾ."

ದಾರಿಬದಿಗೆ ಚೆಂದವಿರಲೆಂದು ವಾರಿಜಾ ಸುಮ್ಮನೆ ಹೇಳಿದ್ದ ಮುದುಕಿ ಅವಳು. ಅವಳಿಗೆ ಮನೆಯೇ ಇರಲಿಲ್ಲ.

"ಕೋಟೇಲಿ ನಿಧಿ ಇದೆ, ರುದ್ರಪ್ಪನವರೇ!"

"ಇರ್ಲಿ ಬಿಡು, ಅದೇನು ಓಡಿಹೋಗುತ್ತಾ? ಪಾಪ, ಇವಳ ಕಾಲು ನಡುಗ್ತಿದೆ."

ಮೇಜಿನ ಮೇಲಿದ್ದ ಅವರ ಕೈ ತಣ್ಣಗಾಗತೊಡಗಿತು. "ಇಲ್ಲಿ ನೆಲ ಕಾಣ್ತಿಲ್ಲವಲ್ಲಮ್ಮಾ," ಎಂದರು.

"ಕಾಲುದಾರಿ ಇದೆ!" ವಾರಿಜಾ ತಡವರಿಸಿದಳು. "ಹಳ್ಳಕ್ಕೆ ಹಾಸಿದ ಕಲ್ಲಿದೆ. ಆಚೆ ಗುಡಿಸಲು, ಬಾಗಿಲಲ್ಲಿ ಬೆಕ್ಕು ಮಲಗಿದೆ."

"ಹ್ಞಾಂ, ಬಂತು. ಅಜ್ಜೀ, ಸೌದೆ ಇಲ್ಲೇ ಇಳಿಸಲಾ?"

ಗುಡಿಸಲಿನ ಆಚೆ ಏನೂ ಇರಲಿಲ್ಲ. ಬೈದು ಕರೆದರೆ ಬರುವ ಜೀವವಲ್ಲ ರುದ್ರಪ್ಪನವರದು. ವಾರಿಜಾ ಮುದುಕಿಯ ದನಿಯಲ್ಲಿ ಹೇಳಿದಳು: "ಇಳಿಸಪ್ಪಾ, ಪುಣ್ಯಾತ್ಮ. ನನ್ನ ಮೊಮ್ಮಗಳು ಕೋಟೆಯೊಳಗೆ ಸಿಕ್ಕಿಬಿದ್ದಿದ್ದಾಳೆ. ಬಂದ ದಾರೀಲೇ ಹೋಗಿ ಕರೆತರ್ತೀಯಾ?"

"ಮೊದಲೇ ಹೇಳಬಾರದಾ ಅಜ್ಜೀ!"

ಮೇಜಿನ ಮೇಲಿನ ಕೈ ಬೆಚ್ಚಗಾಯಿತು. ರುದ್ರಪ್ಪನವರು ಕೋಟೆಯತ್ತ ಓಡುತ್ತಿದ್ದರು.

ಕೋಟೆಯೊಳಗೆ ಯಾವ ಮೊಮ್ಮಗಳೂ ಇರಲಿಲ್ಲ. ವಾರಿಜಾ ಗುಟುಕು ನೀರು ಕುಡಿದು, ಅವರು ತಲುಪುವ ಮುನ್ನ ಆ ಹುಡುಗಿಗೊಂದು ಹೆಸರು ಹುಡುಕತೊಡಗಿದಳು.